ಆಂಟಿಗಾದ ಹಳೇ ಮೈದಾನ

ವೆಸ್ಟ್ ಇಂಡೀಸ್ ಅಂದರೆ ಒಂದೇ ದೇಶ ಅಂತ ನಮ್ಮಲ್ಲಿ ಬಹಳ ಮಂದಿ ತಿಳಕೊಂಡಾರ. ಅದು ಹಾಗಲ್ಲ. ಕೆರಿಬಿಯನ್ ಸಮುದ್ರದ ಬೇರೆ ಬೇರೆ ದ್ವೀಪಗಳು ಮತ್ತು ಗಯಾನಾ ದೇಶ ಕೂಡಿ ಕ್ರಿಕೆಟಿಗಾಗಿ ಒಂದು ತಂಡ ಮಾಡಿಕೊಂಡಿವೆ. ಅವುಗಳಲ್ಲಿ ಆಂಟಿಗಾ ಒಂದು ಸಣ್ಣ ದ್ವೀಪ, ಸುಮಾರು 280 ಚದರ ಕಿ.ಮೀ. ಅಷ್ಟೆ. ಕಮಲಾಪುರದಿಂದ ಕಲಬುರಗಿಗೆ ಹೋಗುವಷ್ಟು ದೂರ ಅಲ್ಲಿ ನೆಟ್ಟಗೆ ಹೋದರೆ ಬಸ್ಸು ಸಮುದ್ರದಾಗ ಇಳಿಯುತ್ತದೆ! ಪಕ್ಕದ ಬಾರ್ಬುಡಾ ದ್ವೀಪದ ಜೊತೆಗೆ ಅದಕ್ಕೆ ಸ್ವಾತಂತ್ರ್ಯ ಸಿಕ್ಕಿದ್ದು 1981ರ ನವೆಂಬರ್ 1ರಂದು, ಅಂದರೆ ನಮ್ಮ ರಾಜ್ಯೋತ್ಸವದ ದಿನವೇ.

ಅಲ್ಲಿಯ ರಾಜಧಾನಿ ಸೇಂಟ್ ಜಾನ್ಸ್. ಊರೊಳಗೇ ಆಂಟಿಗಾ ರಿಕ್ರಿಯೇಷನ್ ಗ್ರೌಂಡ್ ಇದೆ. ಮಗ್ಗುಲಲ್ಲಿ ಜೈಲು. ಪಿಚ್ ತಯಾರು ಮಾಡಲು ಜೈಲಿನ ಕೈದಿಗಳೇ ಬರುತ್ತಿದ್ದರು. ವಿವಿಯನ್ ರಿಚರ್ಡ್ಸ್ ಇದೇ ಊರಿನವರು. ಅವರ ತಂದೆ ಆ ಜೈಲಿನಲ್ಲಿ ನೌಕರಿ ಮಾಡುತ್ತಿದ್ದರು.

ಈ ಮೈದಾನದಲ್ಲಿ ಮೊದಲ ಟೆಸ್ಟ್ ನಡೆದದ್ದು 1981ರ ಮಾರ್ಚ್‌ನಲ್ಲಿ, ಇಂಗ್ಲೆಂಡ್ ಮೇಲೆ. ರಿಚರ್ಡ್ಸ್ 114 ಹೊಡೆದರು. 1986ರಲ್ಲಿ ಇಲ್ಲಿಯೇ 56 ಚೆಂಡಿನಲ್ಲಿ ಶತಕ ಬಾರಿಸಿದರು. ಬ್ರಯಾನ್ ಲಾರಾ 1994ರಲ್ಲಿ 375, 2004ರಲ್ಲಿ ಔಟಾಗದೆ 400 ರನ್ ಮಾಡಿದ್ದೂ ಇಲ್ಲಿಯೇ. ಟೆಸ್ಟಿನಲ್ಲಿ 400 ಹೊಡೆದವರು ಅವರೊಬ್ಬರೇ.

ಆದರೆ ನನಗೆ ಕೇಳಿದರೆ 400ಕ್ಕಿಂತ ದೊಡ್ಡದು ನಮ್ಮ ಅನಿಲ್ ಕುಂಬ್ಳೆಯವರ 14 ಓವರ್. 2002ರ ಮೇ ತಿಂಗಳಲ್ಲಿ ಈ ಮೈದಾನದಲ್ಲಿ ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲನ್ ಎಸೆದ ಚೆಂಡು ತಗುಲಿ ಅವರ ದವಡೆ ಮುರಿಯಿತು. ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳುವುದು ಬಾಕಿ ಇತ್ತು. ಅಷ್ಟರಲ್ಲಿ ಗದ್ದದಿಂದ ತಲೆಯವರೆಗೆ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಇಳಿದು ಒಂದೇ ಸಮ 14 ಓವರ್ ಹಾಕಿದರು. ಲಾರಾ ಅವರನ್ನು ಬರೀ 4 ರನ್ನಿಗೆ ಎಲ್‌ಬಿಡಬ್ಲ್ಯೂ ಮಾಡಿದರು. ಆಮೇಲೆ ಬೆಂಗಳೂರಿಗೆ ಬಂದರು.

2007ರ ವಿಶ್ವಕಪ್ ಬಂದಾಗ ಹಳೇ ಮೈದಾನ ಸಾಲಲಿಲ್ಲ. ಚೀನಾ ದೇಶದ ನೆರವಿನಿಂದ ಊರ ಹೊರಗೆ ದೊಡ್ಡ ಸ್ಟೇಡಿಯಂ ಕಟ್ಟಿ ರಿಚರ್ಡ್ಸ್ ಅವರ ಹೆಸರೇ ಇಟ್ಟರು. 2009ರ ಫೆಬ್ರವರಿ 13ರಂದು ಅಲ್ಲಿ ಇಂಗ್ಲೆಂಡ್ ಜೊತೆ ಟೆಸ್ಟ್ ಶುರುವಾಯಿತು. ಎಷ್ಟು ಹೊತ್ತು ನಡೆಯಿತು ಗೊತ್ತೇನು? ಹತ್ತೇ ಚೆಂಡು!

ಕಾರಣ ಉಸುಕು. ಮೈದಾನದ ತುಂಬ ಉಸುಕು ಸಡಿಲಾಗಿತ್ತು. ಹುಲ್ಲಿನ ಬೇರು ಕೆಳಗೆ ಇಳಿದು ಹೆಣೆದುಕೊಂಡರೆ ಮಾತ್ರ ನೆಲ ಗಟ್ಟಿಯಾಗುತ್ತದೆ. ಇಲ್ಲದಿದ್ದರೆ ಕಾಲು ಊರಿದಲ್ಲಿ ನೆಲ ಜಾರುತ್ತದೆ. ವೇಗದ ಬೌಲರ್ ಓಡಿ ಬಂದು ಇಡೀ ಮೈಭಾರ ಒಂದೇ ಕಾಲ ಮೇಲೆ ಹಾಕುತ್ತಾನೆ. ಆಗ ಕಾಲು ಹೂತರೆ ಮೊಣಕಾಲು ಹೋದಂಗೇ! ಹಳ್ಳದ ಉಸುಕಿನಾಗ ಓಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೌಲರ್‌ಗಳು ಅರ್ಧಕ್ಕೇ ನಿಲ್ಲತೊಡಗಿದರು. ಅಂಪೈರ್‌ಗಳು ಆಟ ನಿಲ್ಲಿಸಿಬಿಟ್ಟರು.

ಆಗ ನೆನಪಾದದ್ದು ಜೈಲಿನ ಪಕ್ಕದ ಹಳೇ ಮೈದಾನ. ನಡುವೆ ಒಂದೇ ದಿನ ಇತ್ತು. ಅಷ್ಟರಲ್ಲಿ ಸಜ್ಜು ಮಾಡಿ ಫೆಬ್ರವರಿ 15ಕ್ಕೆ ಅಲ್ಲಿ ಹೊಸದಾಗಿ ಟೆಸ್ಟ್ ಶುರು ಮಾಡಿದರು. ಆ ಮೈದಾನ ಐದು ದಿನವೂ ತಡೆಯಿತು. ಕೊನೆಯ ದಿನ ವೆಸ್ಟ್ ಇಂಡೀಸಿನ 9 ವಿಕೆಟ್ ಬಿದ್ದಿದ್ದವು. ಡ್ಯಾರೆನ್ ಪೊವೆಲ್, ಫಿಡೆಲ್ ಎಡ್ವರ್ಡ್ಸ್ ಇಬ್ಬರೂ ಬೌಲರ್‌ಗಳೇ. ಆದರೂ ಔಟಾಗದೆ ಕೊನೆಯ ತನಕ ನಿಂತು ಪಂದ್ಯ ಡ್ರಾ ಮಾಡಿದರು. ಆ ಹಳೇ ಮೈದಾನದಲ್ಲಿ ನಡೆದ ಕೊನೆಯ ಟೆಸ್ಟ್ ಅದೇ.