ಹೊಲಿದ ಕರುಳಿಗೆ ಉಪವಾಸವೇಕೆ?

ಹೊಟ್ಟೆಯ ಶಸ್ತ್ರಚಿಕಿತ್ಸೆಗೊಳಗಾದ ರೋಗಿಯ ಮಂಚದ ಬಳಿಗೆ ಬೆಳಗಿನ ಹೊತ್ತು ಬರುವ ವೈದ್ಯರು ಬಹುಕಾಲದಿಂದ ಕೇಳುತ್ತ ಬಂದ ಮೊದಲ ಪ್ರಶ್ನೆ ಒಂದೇ: "ವಾಯು ಸರಿಯಿತೇ?" ನಾಲ್ವರ ನಡುವೆ ಆಡಲು ನಾಚಬೇಕಾದ ಈ ಮಾತಿಗೆ ಆಸ್ಪತ್ರೆಯ ವಾರ್ಡಿನಲ್ಲಿ ಮಾತ್ರ ಎಲ್ಲಿಲ್ಲದ ಮನ್ನಣೆ. ಹೌದೆಂಬ ಉತ್ತರ ಬಂದರೆ ಮನೆಯವರ ಮುಖ ಅರಳುತ್ತಿತ್ತು. ರೋಗಿಯ ಬಾಯಿಗೆ ಎರಡು ಚಮಚ ನೀರು ಬೀಳುತ್ತಿತ್ತು. ಇಲ್ಲವೆಂದರೆ ಇನ್ನೊಂದು ದಿನದ ಉಪವಾಸ. ಮೂಗಿನಿಂದ ಜಠರಕ್ಕೆ ಇಳಿದ ಕೊಳವೆ, ತೋಳಿಗೆ ಚುಚ್ಚಿದ ಸೂಜಿ, ಒಣಗಿದ ತುಟಿಗೆ ಒದ್ದೆ ಹತ್ತಿ, ಇಷ್ಟರಲ್ಲಿಯೇ ಮೂರು ನಾಲ್ಕು ದಿನಗಳನ್ನು ಕಳೆಯಬೇಕಾಗಿತ್ತು.

ಇದನ್ನು ಯಾರ ಕ್ರೌರ್ಯವೆಂದೂ ಹೇಳಲಾಗದು. ಕ್ಯಾನ್ಸರ್ ಮೊದಲಾದ ರೋಗ ತಗುಲಿದ ಕರುಳಿನ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಕೂಡಿಸಿ ಹೊಲಿದ ಶಸ್ತ್ರವೈದ್ಯನಿಗೆ ಆ ಹೊಲಿಗೆಯದೇ ಚಿಂತೆ. ಅದು ಬಿಟ್ಟುಕೊಂಡು ಕರುಳಿನೊಳಗಿನ ಕಶ್ಮಲ ಹೊಟ್ಟೆಯ ಕುಹರಕ್ಕೆ ಸೋರಿದರೆ ಪ್ರಾಣಕ್ಕೇ ಸಂಚಕಾರ. ಹರಿದ ಪಂಚೆಗೆ ಹೊಲಿಗೆ ಹಾಕಿದೊಡನೆ ಅದನ್ನು ಎಳೆದು ನೋಡುವವರುಂಟೇ? ಕರುಳಿಗೂ ಕೆಲವು ದಿನ ವಿಶ್ರಾಂತಿ ಬೇಕೆಂಬ ವಾದ ಯಾರಿಗಾದರೂ ಒಪ್ಪಿಗೆಯಾಗುವಂಥದೇ. ಲಂಘನವೇ ಪರಮೌಷಧವೆಂಬ ಮಾತನ್ನು ಕೇಳುತ್ತ ಬೆಳೆದವರಿಗಂತೂ ಅದರಲ್ಲಿ ಸಂಶಯವೇ ಹುಟ್ಟದು.

ಶಸ್ತ್ರಚಿಕಿತ್ಸೆಗೆ ಮುಂಚಿನ ಉಪವಾಸಕ್ಕೂ ಅದರದೇ ಆದ ಚರಿತ್ರೆಯಿದೆ. ಅರಿವಳಿಕೆಗೆ ಒಳಗಾದ ಗರ್ಭಿಣಿಯರ ಜಠರದಲ್ಲಿದ್ದುದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವನ್ನು ಅಮೆರಿಕದ ವೈದ್ಯ ಕರ್ಟಿಸ್ ಮೆಂಡೆಲ್ಸನ್ ೧೯೪೬ರಲ್ಲಿ ವಿವರಿಸಿದರು. ಎಚ್ಚರಿಕೆ ಯುಕ್ತವಾದುದೇ ಆಗಿದ್ದಿತು. ಆದರೆ ಕಾಲಕ್ರಮದಲ್ಲಿ ಅದು ನಡುರಾತ್ರಿಯಿಂದ ಹನಿ ನೀರೂ ಕೂಡದೆಂಬ ಕಟ್ಟಳೆಯಾಗಿ ಎಲ್ಲ ರೋಗಿಗಳ ಮೇಲೂ ಬಿದ್ದಿತು. ಅದರ ಜೊತೆಗೆ ಕರುಳನ್ನು ತೊಳೆಯಲೆಂದು ಹಿಂದಿನ ದಿನವೇ ಭೇದಿಯ ಔಷಧ. ಹೀಗೆ ಹಸಿದು, ಬಾಯಾರಿ, ಬಳಲಿದ ದೇಹವೇ ಕತ್ತಿಯ ಕೆಳಗೆ ಬರುತ್ತಿತ್ತು.

ಈ ಕಟ್ಟಳೆಗಳನ್ನು ಒಂದೊಂದಾಗಿ ಕಟಕಟೆಗೆ ಎಳೆದವರಲ್ಲಿ ಮುಖ್ಯರು ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್. ರಾಜಧಾನಿ ಕೋಪನ್‌ಹೇಗನ್ನಿನ ಹ್ವಿಡೋವ್ರೆ ಆಸ್ಪತ್ರೆಯಲ್ಲಿದ್ದ ಅವರನ್ನು ಕಾಡಿದ ಪ್ರಶ್ನೆ ಬಹು ಸರಳವಾದುದು. ಶಸ್ತ್ರಚಿಕಿತ್ಸೆ ಯಶಸ್ವಿಯಾದ ಮೇಲೂ ಈ ರೋಗಿ ಇಂದು ಆಸ್ಪತ್ರೆಯಲ್ಲಿ ಏಕಿದ್ದಾನೆ? ನೋವು, ವಾಕರಿಕೆ, ಕರುಳಿನ ಸ್ತಬ್ಧತೆ, ನಿಶ್ಶಕ್ತಿ, ಇವುಗಳಲ್ಲಿ ಅವನನ್ನು ಹಾಸಿಗೆಗೆ ಕಟ್ಟಿಹಾಕಿರುವುದು ಯಾವುದು? ೧೯೯೫ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದ ಒಂದು ವರದಿ ವೈದ್ಯಲೋಕದ ಹುಬ್ಬೇರಿಸಿತು. ದೊಡ್ಡ ಕರುಳಿನ ಭಾಗವನ್ನು ತೆಗೆಸಿಕೊಂಡ ಎಂಟು ಮಂದಿ ವೃದ್ಧ, ದುರ್ಬಲ ರೋಗಿಗಳು ಎರಡೇ ದಿನಗಳಲ್ಲಿ ಮನೆಗೆ ಹೊರಡಲು ಸಿದ್ಧರಾಗಿದ್ದರು. ಅವರಿಗೆ ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ಶಸ್ತ್ರಚಿಕಿತ್ಸೆ ನಡೆಸಲಾಗಿತ್ತು. ಕೀರ್ತಿಯೆಲ್ಲ ಆ ಯಂತ್ರಕ್ಕೇ ಸಲ್ಲತಕ್ಕದ್ದೆಂದು ಕೆಲವರು ವಾದಿಸಬಹುದಾಗಿತ್ತು. ೧೯೯೯ರಲ್ಲಿ ಹಳೆಯ ರೀತಿಯಲ್ಲಿಯೇ ಹೊಟ್ಟೆಯನ್ನು ತೆರೆದು ಚಿಕಿತ್ಸೆ ಮಾಡಿದ ೧೬ ರೋಗಿಗಳಲ್ಲಿಯೂ ಅದೇ ಫಲ ಕಂಡುಬಂದಾಗ ಆ ವಾದಕ್ಕೆ ಬಲ ಉಳಿಯಲಿಲ್ಲ.

ಹಾಗಾದರೆ ಅಲ್ಲಿ ನಡೆದುದೇನು? ಇದನ್ನು ತಿಳಿಯಲು ಕರುಳು ಏಕೆ ಮಲಗುತ್ತದೆಂಬುದನ್ನು ನೋಡಬೇಕು. ಕೈಯಾಡಿಸಿಕೊಂಡ ಕರುಳು ಸ್ವಲ್ಪ ಕಾಲ ಚಲನೆಯನ್ನು ನಿಲ್ಲಿಸಿಬಿಡುತ್ತದೆ. ಸಣ್ಣ ಕರುಳು ಕೆಲವು ಗಂಟೆಗಳಲ್ಲಿಯೇ ಎಚ್ಚರಗೊಳ್ಳುವುದು. ಜಠರಕ್ಕೆ ಒಂದೆರಡು ದಿನ ಬೇಕು. ಎಲ್ಲಕ್ಕಿಂತ ಸೋಮಾರಿಯಾದ ದೊಡ್ಡ ಕರುಳು ಏಳಲು ಎರಡು ಮೂರು ದಿನ ತೆಗೆದುಕೊಳ್ಳುವುದು. ವಿಪರ್ಯಾಸವೆಂದರೆ, ಈ ನಿದ್ರೆಯನ್ನು ಗಾಢಗೊಳಿಸುತ್ತಿದ್ದವರಲ್ಲಿ ಉಪಚಾರ ಮಾಡುವವರೂ ಸೇರಿದ್ದರು. ನೋವು ನೀಗಲೆಂದು ಕೊಡುವ ಮಾರ್ಫಿನ್ ಅಫೀಮಿನ ಸಂತಾನ. ಅದು ಕರುಳನ್ನೂ ಜೋಂಪು ಹಿಡಿಸುತ್ತದೆ. ಬಾಯಿಗೆ ನೀರಿಲ್ಲವೆಂದು ರಕ್ತನಾಳಕ್ಕೆ ಲೀಟರುಗಟ್ಟಲೆ ಉಪ್ಪುನೀರು ಹರಿಸಿದರೆ ಕರುಳಿನ ಗೋಡೆಯೇ ಬಾತುಕೊಳ್ಳುತ್ತದೆ.

ಕೆಹ್ಲೆಟ್ಟರ ತಂಡ ಬೆನ್ನುಹುರಿಯ ಹೊದಿಕೆಯ ಹೊರಬದಿಗೆ ಕೂದಲೆಳೆಯಂಥ ನಳಿಕೆಯನ್ನಿಳಿಸಿ, ಅಲ್ಲಿಯೇ ನೋವಿನ ಸುದ್ದಿಯನ್ನು ತಡೆಯುವ ಔಷಧವನ್ನು ಹನಿಸಿತು. ಮಾರ್ಫಿನ್ನಿನ ಅಗತ್ಯ ಬಹಳಮಟ್ಟಿಗೆ ತಪ್ಪಿತು. ಉಪ್ಪುನೀರಿನ ಲೆಕ್ಕವೂ ಬಿಗಿಯಾಯಿತು. ಡೆನ್ಮಾರ್ಕಿನ ಆಸ್ಪತ್ರೆಗಳಲ್ಲಿ ನಡೆದು ೨೦೦೩ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ದೇಹದ ತೂಕ ಏರದಂತೆ ಮಿತವಾಗಿ ದ್ರವ ಪಡೆದವರಲ್ಲಿ ನೂರಕ್ಕೆ ೩೩ ಮಂದಿಗೆ ತೊಡಕುಗಳುಂಟಾದರೆ, ವಾಡಿಕೆಯಂತೆ ಪಡೆದವರಲ್ಲಿ ೫೧ ಮಂದಿಗೆ ಉಂಟಾದುವು. ಆದರೆ ತೀರ ಕೈಬಿಗಿ ಹಿಡಿದರೆ ಮೂತ್ರಪಿಂಡಕ್ಕೆ ಕೇಡೆಂದು ೨೦೧೮ರ ಇನ್ನೊಂದು ದೊಡ್ಡ ಪರೀಕ್ಷೆ ಎಚ್ಚರಿಸಿತು. ಅತಿಯಾದುದು ಯಾವುದೂ ಸಲ್ಲದೆಂಬ ಅಜ್ಜಿಯರ ಮಾತಿಗೆ ಇಲ್ಲಿಯೂ ಬೆಲೆಯುಂಟು.

ಇನ್ನು ಹೊಲಿಗೆಯ ಭಯ. ರೋಗಿ ಹಸಿದಿದ್ದರೂ ಜೊಲ್ಲು, ಜಠರರಸ, ಪಿತ್ತರಸಗಳು ಕರುಳಿಗೆ ಹರಿಯುವುದು ನಿಲ್ಲದು. ಅಂದ ಮೇಲೆ ಉಪವಾಸದಿಂದ ಹೊಲಿಗೆ ಒಣಗಿ ಉಳಿಯುತ್ತದೆಂಬುದೇ ಒಂದು ಭ್ರಮೆ. ೧೧ ಪರೀಕ್ಷೆಗಳ, ೮೩೭ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ೨೦೦೧ರಲ್ಲಿ ಪರಿಶೀಲಿಸಿದವರಿಗೆ ಬಾಯಿ ಕಟ್ಟಿಸುವುದರಿಂದ ಯಾವ ಲಾಭವೂ ಕಾಣಲಿಲ್ಲ. ಮೂಗಿನ ಕೊಳವೆಯ ಗತಿಯೂ ಅದೇ ಆಯಿತು: ಎಲ್ಲರಿಗೂ ಅದನ್ನು ಇಳಿಸತಕ್ಕದ್ದಿಲ್ಲ, ಹೊಟ್ಟೆ ಉಬ್ಬಿ ವಾಂತಿಯಾಗುವ ಕೆಲವರಿಗೆ ಮಾತ್ರ ಬೇಕಾದೀತು.

ಶಸ್ತ್ರಚಿಕಿತ್ಸೆಯ ಮುನ್ನಾದಿನದ ಕ್ರಮವೂ ಬದಲಾಗಿದೆ. ತಿಳಿಯಾದ ದ್ರವ ಜಠರದಿಂದ ಬೇಗನೆ ಇಳಿದುಹೋಗುವುದರಿಂದ, ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೂ ಹೆಚ್ಚಿನ ರೋಗಿಗಳು ಅದನ್ನು ಕುಡಿಯಬಹುದು. ಗಟ್ಟಿ ಆಹಾರಕ್ಕೆ ಆರು ಗಂಟೆಯ ಬಿಡುವು ಸಾಕು. ಸ್ವೀಡನ್ನಿನ ಶಸ್ತ್ರವೈದ್ಯ ಓಲೆ ಲ್ಯುಂಗ್‌ಕ್ವಿಸ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಿಷ್ಟದ ಸಕ್ಕರೆ ಬೆರೆಸಿದ ಪಾನೀಯವನ್ನು ಕೊಟ್ಟರೆ ದೇಹದಲ್ಲಿ ಇನ್ಸುಲಿನ್ನಿನ ಕೆಲಸ ಅಷ್ಟಾಗಿ ಕುಂಠಿತವಾಗದೆಂದು ತೋರಿಸಿದರು. ಬಾಯಾರಿಕೆ, ಕಳವಳಗಳೂ ಕಡಮೆ. ಪವಾಡವನ್ನು ಮಾತ್ರ ಇದರಿಂದ ನಿರೀಕ್ಷಿಸಬಾರದು. ೨೦೦೧ರಲ್ಲಿ ಇವರೂ ಎಡಿನ್‌ಬರೋದ ಕೆನ್ ಫಿಯರನ್ನರೂ ಸೇರಿ ಕಟ್ಟಿದ ಅಧ್ಯಯನ ಮಂಡಲಿ ಈ ಕ್ರಮಗಳನ್ನೆಲ್ಲ ಒಂದೇ ಸೂತ್ರದಲ್ಲಿ ಪೋಣಿಸಿತು.

ಜಪಾನಿನ ವೈದ್ಯರು ೨೦೦೨ರಲ್ಲಿ ರೋಗಿಗಳ ಬಾಯಿಗೆ ಚ್ಯೂಯಿಂಗ್ ಗಮ್ ಕೊಟ್ಟರೆಂದರೆ ಓದುಗರಿಗೆ ನಗು ಬಂದೀತು. ಅಗಿಯುವುದರಿಂದ ಕರುಳಿಗೆ ಊಟ ಬರುತ್ತಿದೆಯೆಂಬ ಸುಳ್ಳು ಸಂದೇಶ ಮುಟ್ಟಿ ಅದು ಬೇಗ ಎಚ್ಚರಗೊಂಡಿತಂತೆ! ನಿಜವಾದ ಊಟವನ್ನೇ ಬೇಗ ಕೊಡುವೆಡೆಯಲ್ಲಿ ಈ ಉಪಾಯದಿಂದ ಹೆಚ್ಚಿನ ಫಲವಿಲ್ಲವೆಂದು ಅನಂತರ ತಿಳಿದುಬಂದಿತು.

ಮನೆಯವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ರೋಗಿಯನ್ನು ಎಬ್ಬಿಸುವ ವಿಷಯ. ಶಸ್ತ್ರಚಿಕಿತ್ಸೆಯಾದ ದಿನವೇ ಎರಡು ಗಂಟೆ ಹಾಸಿಗೆಯಿಂದ ಹೊರಗಿರಬೇಕು, ಮರುದಿನದಿಂದ ಆರು ಗಂಟೆ ಎಂದು ಮಂಡಲಿಯ ಮಾರ್ಗಸೂಚಿ ಹೇಳುತ್ತದೆ. ಭಾರತದ ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿಯೂ ಈ ಪದ್ಧತಿ ಬಂದಿದೆ. ಇಲ್ಲಿ ಮಂಚದ ಪಕ್ಕದಲ್ಲಿ ತಾಯಿಯೋ ಅತ್ತಿಗೆಯೋ ಇದ್ದೇ ಇರುತ್ತಾರೆ. "ಪಾಪ, ಮಲಗಿರಲಿ ಬಿಡೀಮ್ಮ, ಹೊಲಿಗೆ ಹಸಿಯಾಗಿದೆ" ಎಂದು ದಾದಿಯ ಕೈಯನ್ನು ತಡೆಯುವ ಆ ಅಂತಃಕರಣ ದೊಡ್ಡದು. ಆದರೆ ಮಲಗಿದಲ್ಲಿಯೇ ಕಾಲಿನ ರಕ್ತ ಹೆಪ್ಪುಗಟ್ಟುವುದು, ಶ್ವಾಸಕೋಶದ ಬುಡದಲ್ಲಿ ಕಫ ನಿಲ್ಲುವುದು, ದಿನದಿನಕ್ಕೆ ಮಾಂಸಖಂಡ ಸೊರಗುವುದು. ಕುರ್ಚಿಯವರೆಗೆ ನಡೆದ ಹತ್ತು ಹೆಜ್ಜೆಗಳನ್ನು ಯಾವ ಔಷಧಿಯೂ ರೋಗಿಗಾಗಿ ನಡೆದುಕೊಡಲಾರದು.

ಆಸ್ಪತ್ರೆಗಳ ಅಭ್ಯಾಸವೂ ಸುಲಭವಾಗಿ ಬಿಡುವಂಥದಲ್ಲ. ಸ್ಟಾಕ್‌ಹೋಮಿನ ಎರ್ಸ್ಟಾ ಆಸ್ಪತ್ರೆಯಲ್ಲಿ ೨೦೦೨ರಿಂದ ೨೦೦೭ರವರೆಗೆ ಕರುಳಿನ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ ಪಡೆದ ೯೫೩ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಮೊದಮೊದಲು ನಿಯಮಗಳಲ್ಲಿ ನೂರಕ್ಕೆ ೪೩ ಪಾಲು ಮಾತ್ರ ಆಚರಣೆಗೆ ಬರುತ್ತಿದ್ದುದು ಗೊತ್ತಾಯಿತು. ಅನಂತರ ಅದು ೭೧ಕ್ಕೇರಿತು. ಆಚರಣೆ ಹೆಚ್ಚಿದಂತೆ ತೊಡಕುಗಳು ತಗ್ಗಿದುವು.

ಬೇಗ ಮನೆಗೆ ಕಳುಹಿಸುವುದೇ ಇದರ ಗುರಿಯೆಂದು ಭಾವಿಸಿದರೆ ಎಡವಟ್ಟಾದೀತು. ಹ್ವಿಡೋವ್ರೆಯಲ್ಲಿಯೇ ಎರಡನೆಯ ದಿನ ಹೊರಟವರಲ್ಲಿ ಸುಮಾರು ನೂರಕ್ಕೆ ೨೦ ಮಂದಿ ಮತ್ತೆ ಆಸ್ಪತ್ರೆಗೆ ಸೇರಬೇಕಾಯಿತು. ಅವಧಿಯನ್ನು ಮೂರು ದಿನಕ್ಕೆ ಏರಿಸಿದಾಗ ಆ ಸಂಖ್ಯೆ ೧೧ಕ್ಕೆ ಇಳಿಯಿತೆಂದು ೨೦೦೭ರಲ್ಲಿ ಅವರೇ ಪ್ರಕಟಿಸಿದರು. ಹೊಲಿಗೆ ಸೋರುವುದು ಈಗಲೂ ಪೂರ್ತಿ ತಪ್ಪಿಲ್ಲ. ಅದರ ಲಕ್ಷಣಗಳು ಎಷ್ಟೋ ವೇಳೆ ಮನೆಗೆ ಬಂದ ಮೇಲೆಯೇ ತೋರುತ್ತವೆ. ಜ್ವರ, ಏರುತ್ತಿರುವ ಹೊಟ್ಟೆನೋವು, ಉಬ್ಬರ, ಓಡುವ ನಾಡಿ, ನಿಲ್ಲದ ವಾಂತಿ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ತಿಳಿಸತಕ್ಕದ್ದು. ಈ ಪದ್ಧತಿಯನ್ನು ಶ್ರದ್ಧೆಯಿಂದ ನಡೆಸುವ ಆಸ್ಪತ್ರೆಗಳಲ್ಲಿ ರೋಗಿ ಮನೆ ಸೇರಿದ ಒಂದೆರಡು ದಿನಗಳಲ್ಲಿ ದಾದಿಯೇ ಫೋನು ಮಾಡಿ, ಎಷ್ಟು ಲೋಟ ಕುಡಿದಿರಿ, ಏನು ತಿಂದಿರಿ, ಎಷ್ಟು ಸಲ ಎದ್ದು ಓಡಾಡಿದಿರಿ ಎಂದು ವಿಚಾರಿಸುವ ವಾಡಿಕೆಯಿದೆ.