ಕೀಲಿಮಣೆ ಯಾವ ವಿಂಡೋ ವಶದಲ್ಲಿದೆ?

ಪ್ರಶ್ನೆ: ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿರುವಾಗ ಒಮ್ಮೊಮ್ಮೆ ಬೇರೊಂದು ವಿಂಡೋ ಎದುರಿಗೆ ಬಂದು ಅಕ್ಷರಗಳನ್ನೆಲ್ಲ ಕಸಿದುಕೊಳ್ಳುತ್ತದೆ. ಇನ್ನು ಕೆಲವು ಸಲ ಟಾಸ್ಕ್‌ಬಾರಿನಲ್ಲಿ ಅದರ ಐಕಾನ್ ಮಿನುಗುತ್ತದೆ, ಅಷ್ಟೇ. ಏಕೆ?

ಉತ್ತರ: ತೆರೆಯ ಮೇಲೆ ಎಷ್ಟೇ ವಿಂಡೋಗಳಿದ್ದರೂ ಕೀಲಿಮಣೆ ಒಂದೇ. ವೇದಿಕೆಯ ಮೇಲೆ ಹತ್ತು ಜನ ಕುಳಿತಿದ್ದು, ಮೈಕು ಮಾತ್ರ ಒಂದೇ ಇದ್ದಂತೆ. ಆ ಮೈಕನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ನಿರೂಪಕನ ಕೆಲಸ ಆಪರೇಟಿಂಗ್ ಸಿಸ್ಟಮ್‌ನದು. ಮೈಕು ಸಿಕ್ಕ ವಿಂಡೋಗೆ ‘ಫೋಕಸ್’ ಇದೆ ಎನ್ನುತ್ತಾರೆ. ನೀವು ಒತ್ತುವ ಕೀಲಿಗಳೆಲ್ಲ ಅದಕ್ಕೇ ತಲುಪುತ್ತವೆ.

ವಿಂಡೋಸ್ 95ರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಮೈಕು ಕಿತ್ತುಕೊಳ್ಳಬಹುದಿತ್ತು. ವಿಂಡೋಸ್ 98ರಿಂದ ಇದಕ್ಕೆ ಕಡಿವಾಣ ಬಿತ್ತು. ಈಗ ನೀವು ಬಳಸುತ್ತಿರುವ ಪ್ರೋಗ್ರಾಂ, ಅದು ತೆರೆದ ಪ್ರೋಗ್ರಾಂ ಇಂಥ ಕೆಲವಕ್ಕಷ್ಟೇ ಮುಂದೆ ಬರುವ ಹಕ್ಕು. ಹಿನ್ನೆಲೆಯಲ್ಲಿರುವ ಬೇರೆ ಪ್ರೋಗ್ರಾಂ ಕೇಳಿದರೆ ಐಕಾನ್ ಮಿನುಗುತ್ತದೆ. ಆದರೆ ನೀವು ಸುಮಾರು 200 ಸೆಕೆಂಡು ಕೀಲಿಮಣೆ, ಮೌಸ್ ಎರಡನ್ನೂ ಮುಟ್ಟದಿದ್ದರೆ ಈ ತಡೆ ಸಡಿಲವಾಗುತ್ತದೆ. ಯೋಚಿಸುತ್ತ ಕುಳಿತು ಮತ್ತೆ ಟೈಪ್ ಮಾಡಲು ಹೊರಟಾಗ ಎದುರಿಗೆ ಬೇರೇನೋ ನಿಂತಿರುವುದಕ್ಕೆ ಇದೂ ಒಂದು ಕಾರಣ.

ಇದು ಬರೀ ಕಿರಿಕಿರಿಯ ವಿಷಯವಲ್ಲ. ಅರ್ಧ ಪಾಸ್‌ವರ್ಡ್ ಚಾಟ್ ವಿಂಡೋಗೆ ಬಿದ್ದರೆ ನಿಜಕ್ಕೂ ಅಪಾಯ. ಹಾಗಾಗಿ ಪಾಸ್‌ವರ್ಡ್ ಹೊಡೆಯುವಾಗ ಕಣ್ಣು ತೆರೆಯ ಮೇಲಿರಲಿ. ವಿಂಡೋ ಬದಲಾಗಿದ್ದರೆ ಆಲ್ಟ್ ಹಿಡಿದು ಟ್ಯಾಬ್ ಒಮ್ಮೆ ಒತ್ತಿ. ವಿಂಡೋಗಳ ಪಟ್ಟಿ ಇತ್ತೀಚೆಗೆ ಬಳಸಿದ ಕ್ರಮದಲ್ಲಿರುವುದರಿಂದ, ಸಾಮಾನ್ಯವಾಗಿ ಹಿಂದಿನ ವಿಂಡೋಗೇ ಮರಳುತ್ತೀರಿ.