ಓಲಾಬೀಬಿಯ ನಾಡಿನಲ್ಲಿ ಕಾಲರಾ ವಿಷದ ಶೋಧ: ಶಂಭುನಾಥ ದೇ ಅವರ ಸಂಶೋಧನೆ

ಕಾಲರಾ ರೋಗಕ್ಕೆ ಕನ್ನಡದಲ್ಲಿ ‘ವಾಂತಿಭೇದಿ’ ಎಂಬ ಹೆಸರು ಬಹುಕಾಲದಿಂದ ರೂಢಿಯಲ್ಲಿದೆ. ಬಂಗಾಳಿಯಲ್ಲಿ ಇದೇ ರೋಗವನ್ನು ‘ಓಲಾಉಠಾ’ ಎನ್ನುತ್ತಾರೆ. ಅಲ್ಲಿ ‘ಓಲಾ’ ಎಂದರೆ ಕೆಳಗಿಳಿಯುವುದು, ‘ಉಠಾ’ ಎಂದರೆ ಮೇಲೇಳುವುದು. ಒಂದು ಭೇದಿಯನ್ನೂ ಇನ್ನೊಂದು ವಾಂತಿಯನ್ನೂ ಸೂಚಿಸುತ್ತದೆ. ಪರಸ್ಪರ ಸಂಪರ್ಕವಿಲ್ಲದೆ ಎರಡು ಭಾಷೆಗಳ ಜನಪದರು ಒಂದೇ ಬಗೆಯಲ್ಲಿ ಹೆಸರನ್ನು ಕಟ್ಟಿದ್ದಾರೆ. ಸಿಡುಬಿಗೆ ‘ಅಮ್ಮ’ ಎಂದು ಹೇಳಿ ರೋಗದ ಹೆಸರನ್ನು ಮರೆಮಾಚಿದಂತೆ ಇಲ್ಲಿ ಮರೆಮಾಚಿಲ್ಲ. ಕಣ್ಣೆದುರು ನಡೆಯುವುದನ್ನೇ, ಅಂದರೆ ಕರುಳಿನ ದಾರಿಯಲ್ಲಿ ದೇಹದ ನೀರೆಲ್ಲ ಹರಿದುಹೋಗುವುದನ್ನೇ, ಹೆಸರು ಮಾಡಿದ್ದಾರೆ.

ಈ ‘ಓಲಾ’ದಿಂದಲೇ ಬಂಗಾಳದ ಓಲಾದೇವಿ, ಓಲಾಯ್‌ಚಂಡಿ, ಓಲಾಬೀಬಿ ಎಂಬ ದೈವದ ಹೆಸರುಗಳು ಹುಟ್ಟಿವೆ. ಹಿಂದೂಗಳು ದೇವಿಯೆಂದೂ ಮುಸಲ್ಮಾನರು ಬೀಬಿಯೆಂದೂ ಕರೆದು ನಡೆದುಕೊಳ್ಳುವ ಈ ದೈವವು ಅಲ್ಲಿನ ಜಾನಪದದಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿದೆ. ಕರ್ನಾಟಕದಲ್ಲಿ ಮಾರಿಯೊಬ್ಬಳೇ ಹಲವು ಸಾಂಕ್ರಾಮಿಕಗಳ ಹೊಣೆ ಹೊತ್ತವಳು. ಪ್ಲೇಗು ಬಂದಾಗ ಅವಳೇ ಪ್ಲೇಗಮ್ಮನಾದಳು. ಬಂಗಾಳದಲ್ಲಿ ಕಾಲರಾಕ್ಕೆಂದೇ ಒಂದು ದೈವ ಬೇಕಾದದ್ದಕ್ಕೆ ಕಾರಣವಿದೆ. ಗಂಗೆಯ ಮುಖಜಭೂಮಿಯೇ ಈ ರೋಗದ ನೆಲೆ. 1817ರಲ್ಲಿ ಜೆಸ್ಸೋರ್ ಪ್ರದೇಶದಲ್ಲಿ ತಲೆದೋರಿದ ಕಾಲರಾ ಗಡಿಗಳನ್ನು ದಾಟಿ ಮೊದಲನೆಯ ಜಾಗತಿಕ ಪಿಡುಗಾಯಿತು. ಕಾಲರಾ ಹೇಗೆ ಕೊಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದೂ ಇದೇ ನಾಡಿನಲ್ಲಿ, ಕಲ್ಕತ್ತೆಯ ರೋಗವಿಜ್ಞಾನಿ ಶಂಭುನಾಥ ದೇ ಅವರಿಂದ.

ರೋಗಾಣುವಿನ ಪತ್ತೆ ಅದಕ್ಕೂ ಬಹಳ ಹಿಂದಿನದು. 1854ರಲ್ಲಿ ಇಟಲಿಯ ಫಿಲಿಪ್ಪೊ ಪಾಚೀನಿ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದನು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಅದನ್ನು ಶುದ್ಧರೂಪದಲ್ಲಿ ಬೆಳೆಸಿದನು. ಈ ಜೀವಾಣು ಯಾವುದೋ ವಿಷವನ್ನು ಉತ್ಪಾದಿಸುತ್ತಿರಬೇಕೆಂಬ ಊಹೆಯನ್ನೂ ಕಾಕ್ ಮುಂದಿಟ್ಟಿದ್ದನು. ಆದರೆ ಆ ವಿಷ ಮುಂದಿನ 75 ವರ್ಷ ಯಾರ ಕೈಗೂ ಸಿಗಲಿಲ್ಲ. ರಿಚರ್ಡ್ ಫೈಫರ್ 1892ರಲ್ಲಿ ಜೀವಾಣುವಿನ ದೇಹದೊಳಗೇ ಅಡಗಿದ್ದು, ಅದು ಸತ್ತು ಒಡೆದಾಗ ಹೊರಬೀಳುವ ‘ಒಳವಿಷ’ವನ್ನು ಪ್ರತಿಪಾದಿಸಿದ ಬಳಿಕ ಬಹುತೇಕ ಸಂಶೋಧಕರ ಗಮನ ಅತ್ತ ಹೊರಳಿತು. ಪ್ರಯೋಗದ ಪ್ರಾಣಿಗಳ ರಕ್ತನಾಳಕ್ಕೆ, ಹೊಟ್ಟೆಯ ಪೊರೆಯೊಳಕ್ಕೆ ರೋಗಾಣುವನ್ನು ಚುಚ್ಚಲಾಯಿತು. ಪ್ರಾಣಿಗಳು ಸತ್ತವು, ಆದರೆ ಅವುಗಳಿಗೆ ಭೇದಿಯಾಗಲಿಲ್ಲ. ಮನುಷ್ಯರಲ್ಲಿ ಕಾಣುವ ಕಾಲರಾಕ್ಕೂ ಆ ಸಾವುಗಳಿಗೂ ಹೋಲಿಕೆಯೇ ಇರಲಿಲ್ಲ. ಕರುಳಿನ ರೋಗವನ್ನು ಕರುಳಿನ ಹೊರಗೆ ಹುಡುಕಿದ ಈ ದೀರ್ಘ ಅವಧಿಯು ವಿಜ್ಞಾನದ ಇತಿಹಾಸದಲ್ಲಿ ಚಿಂತನಾರ್ಹವಾದುದು.

ಶಂಭುನಾಥ ದೇ 1915ರ ಫೆಬ್ರವರಿ 1ರಂದು ಹೂಗ್ಲಿ ಜಿಲ್ಲೆಯ ಗರೀಬಾಟಿ ಗ್ರಾಮದಲ್ಲಿ ಜನಿಸಿದರು. ಅನುಕೂಲಸ್ಥ ಕುಟುಂಬವಲ್ಲ; ವಿದ್ಯಾರ್ಥಿವೇತನದ ನೆರವಿನಿಂದ ಕಲ್ಕತ್ತ ಮೆಡಿಕಲ್ ಕಾಲೇಜು ಸೇರಿ 1939ರಲ್ಲಿ ವೈದ್ಯ ಪದವಿ ಪಡೆದರು. 1947ರಲ್ಲಿ ಲಂಡನ್ನಿಗೆ ತೆರಳಿ, ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ಪ್ರಸಿದ್ಧ ರೋಗವಿಜ್ಞಾನಿ ರಾಯ್ ಕ್ಯಾಮರನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ 1949ರಲ್ಲಿ ಡಾಕ್ಟರೇಟ್ ಗಳಿಸಿದರು. ಅಂಗಾಂಶಗಳಲ್ಲಿ ದ್ರವ ತುಂಬಿಕೊಳ್ಳುವ ಸಮಸ್ಯೆಯಲ್ಲಿ ಆ ಗುರುವಿಗೆ ವಿಶೇಷ ಆಸಕ್ತಿಯಿತ್ತು. ದೇಹದ ನೀರು ಎಲ್ಲಿಂದ ಎಲ್ಲಿಗೆ, ಯಾವ ಗೋಡೆಯನ್ನು ದಾಟಿ ಹೋಗುತ್ತದೆ ಎಂದು ಕೇಳುವ ಅಭ್ಯಾಸ ಅಲ್ಲಿಂದ ಬಂದಿರಬೇಕು. ತಾಯ್ನಾಡಿಗೆ ಮರಳಿ ನೀಲರತನ್ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ದೇ, ಕಾಲರಾದಿಂದ ಸತ್ತವರ ಮೂತ್ರಪಿಂಡಗಳಲ್ಲಿ ಆಗಿರುವ ಹಾನಿಯನ್ನು ಅಧ್ಯಯನ ಮಾಡಿದರು. ಮೂತ್ರಪಿಂಡದ ಹಾನಿ ನೀರಿನ ನಷ್ಟದ ಪರಿಣಾಮ. ಮೂಲವನ್ನು ಅರಸಬೇಕಾದರೆ ನೀರು ಸೋರುವ ಜಾಗಕ್ಕೇ ಹೋಗಬೇಕಿತ್ತು.

1953ರಲ್ಲಿ ದೇ ಮತ್ತು ಅವರ ಸಹೋದ್ಯೋಗಿ ಚಟರ್ಜಿ ಪ್ರಕಟಿಸಿದ ಪ್ರಯೋಗ ಸರಳವಾದುದು. ಅರಿವಳಿಕೆ ನೀಡಿದ ಮೊಲದ ಹೊಟ್ಟೆಯನ್ನು ತೆರೆದು, ಸಣ್ಣ ಕರುಳಿನ ಒಂದು ತುಣುಕನ್ನು ಎರಡು ಕಡೆ ದಾರದಿಂದ ಬಿಗಿದು ಕಟ್ಟಲಾಗುತ್ತದೆ. ಕತ್ತರಿಸುವುದಿಲ್ಲ; ರಕ್ತಸಂಚಾರ ಹಾಗೆಯೇ ಇರುತ್ತದೆ. ಹೀಗೆ ಮುಚ್ಚಿದ ಚೀಲದಂತಾದ ಆ ಭಾಗದೊಳಕ್ಕೆ ಕಾಲರಾ ರೋಗಾಣುಗಳಿರುವ ದ್ರವವನ್ನು ಸೂಜಿಯಿಂದ ಬಿಟ್ಟು ಹೊಟ್ಟೆಯನ್ನು ಹೊಲಿಯಲಾಗುತ್ತದೆ. ಮರುದಿನ ತೆರೆದು ನೋಡಿದಾಗ ಆ ತುಣುಕು ದ್ರವ ತುಂಬಿ ಬಿರಿಯುವಂತೆ ಉಬ್ಬಿರುತ್ತದೆ. ಒಳಗಿರುವುದು ಕಾಲರಾ ರೋಗಿಯ ಭೇದಿಯಲ್ಲಿ ಕಾಣುವಂಥದೇ ನೀರು. ವೈದ್ಯಗ್ರಂಥಗಳು ‘ಅಕ್ಕಿ ತೊಳೆದ ನೀರಿನಂಥದು’ ಎಂದು ವರ್ಣಿಸುವ, ನಮ್ಮ ಹಳ್ಳಿಗರು ಅಕ್ಕಚ್ಚಿಗೆ ಹೋಲಿಸಬಹುದಾದ ದ್ರವ ಅದು. ಇಂಥದೇ ಪ್ರಯತ್ನವೊಂದನ್ನು ವಿಯೋಲ್ ಮತ್ತು ಕ್ರೆಂಡಿರೊಪೌಲೊ ಎಂಬ ಸಂಶೋಧಕರು 1915ರಲ್ಲಿಯೇ ಮಾಡಿದ್ದರು. ಅದು ಯಾರ ಗಮನಕ್ಕೂ ಬಾರದೆ ಮರೆತುಹೋಗಿತ್ತು. ಆದ್ದರಿಂದ ಮೊದಲಿಗರು ಯಾರು ಎಂಬ ಚರ್ಚೆಗಿಂತ, ಆ ವಿಧಾನ ದೇ ಅವರ ಕೈಯಲ್ಲಿ ಏನಾಯಿತು ಎಂಬುದೇ ಇಲ್ಲಿ ಮುಖ್ಯ.

ಅದು ಒಂದು ಅಳತೆಗೋಲಾಯಿತು. ರೋಗನಿದಾನದ ಸೂಕ್ಷ್ಮಜೀವಿವಿಜ್ಞಾನದಲ್ಲಿ ಜೀವಾಣುವನ್ನು ಬೆಳೆಸಿ ಗುರುತಿಸುವುದು ಒಂದು ಹಂತ. ಗುರುತಿಸಿದ ಜೀವಾಣುವೇ ರೋಗಕ್ಕೆ ಕಾರಣವೆಂದು ತೋರಿಸುವುದು ಇನ್ನೊಂದು. ಎರಡನೆಯದು ಕಷ್ಟದ ಕೆಲಸ, ಏಕೆಂದರೆ ಆರೋಗ್ಯವಂತರ ಕರುಳಿನಲ್ಲಿಯೂ ಅಸಂಖ್ಯ ಜೀವಾಣುಗಳಿರುತ್ತವೆ. ‘ಇಲಿಯಲ್ ಲೂಪ್’ ಎಂದು ಹೆಸರಾದ ಈ ಪರೀಕ್ಷೆಯಿಂದ ಕರುಳಿನಲ್ಲಿ ನೀರು ತುಂಬಿಸಬಲ್ಲ ತಳಿಗಳನ್ನು ನಿರಪಾಯಕಾರಿಗಳಿಂದ ಬೇರ್ಪಡಿಸುವುದು ಸಾಧ್ಯವಾಯಿತು. 1956ರಲ್ಲಿ ದೇ, ಭಟ್ಟಾಚಾರ್ಯ ಮತ್ತು ಸರ್ಕಾರ್ ಭೇದಿ ರೋಗಿಗಳಿಂದ ಪಡೆದ ಇ. ಕೋಲಿ ತಳಿಗಳನ್ನು ಇದೇ ವಿಧಾನದಿಂದ ಪರೀಕ್ಷಿಸಿ, ಅವುಗಳಲ್ಲಿಯೂ ಕೆಲವು ಈ ಶಕ್ತಿ ಹೊಂದಿರುವುದನ್ನು ತೋರಿಸಿದರು. ಕರುಳಿನ ಸಾಮಾನ್ಯ ನಿವಾಸಿಯೆಂದು ತಿಳಿಯಲಾಗಿದ್ದ ಜೀವಾಣುವಿನ ಬಗೆಗಿನ ತಿಳಿವಳಿಕೆ ಇದರಿಂದ ಬದಲಾಯಿತು. ಮಕ್ಕಳ ಭೇದಿಗೂ ಪ್ರವಾಸಿಗರ ಭೇದಿಗೂ ಕಾರಣವಾಗುವ, ವಿಷ ಉತ್ಪಾದಿಸುವ ಇ. ಕೋಲಿಯ ಮುಂದಿನ ಅಧ್ಯಯನಗಳಿಗೆ ಈ ಲೇಖನ ಹಾದಿ ತೆರೆಯಿತು. ಕಾಲರಾ ವಿಷದ ಕೀರ್ತಿಯ ಮರೆಯಲ್ಲಿ ಈ ಕೆಲಸ ಅಷ್ಟಾಗಿ ಉಲ್ಲೇಖಗೊಂಡಿಲ್ಲ.

1955ರಲ್ಲಿ ಕಲ್ಕತ್ತ ಮೆಡಿಕಲ್ ಕಾಲೇಜಿನ ವಿಭಾಗದ ಮುಖ್ಯಸ್ಥರಾದ ದೇ, ಕೊನೆಯ ಹೆಜ್ಜೆಯನ್ನಿಟ್ಟದ್ದು 1959ರಲ್ಲಿ. ಕಾಲರಾ ರೋಗಾಣುಗಳು ಬೆಳೆದ ದ್ರವವನ್ನು ಸೋಸಿ, ಒಂದೂ ಜೀವಾಣು ಉಳಿಯದಂತೆ ಮಾಡಿ, ಆ ತಿಳಿಯನ್ನು ಮಾತ್ರ ಮೊಲದ ಕರುಳಿಗೆ ಬಿಟ್ಟರು. ಕರುಳು ಮೊದಲಿನಂತೆಯೇ ಉಬ್ಬಿತು. ರೋಗಾಣು ಇಲ್ಲದೆಯೇ ರೋಗ ಕಾಣಿಸಿಕೊಂಡಿತೆಂದರೆ, ಅದು ಹೊರಕ್ಕೆ ಸ್ರವಿಸಿದ ವಿಷವೇ ಕಾರಣ. ಆ ವರ್ಷದ ಮೇ 30ರ ‘ನೇಚರ್’ ಪತ್ರಿಕೆಯಲ್ಲಿ ಈ ಫಲಿತಾಂಶ ಎರಡೇ ಪುಟಗಳ ಪುಟ್ಟ ಬರಹವಾಗಿ ಪ್ರಕಟವಾಯಿತು. ಅದೇ ವರ್ಷ ಮುಂಬಯಿಯ ಹಾಫ್ಕಿನ್ ಸಂಸ್ಥೆಯಲ್ಲಿ ಎನ್.ಕೆ. ದತ್ತ ಮತ್ತು ಸಂಗಡಿಗರು ಮೊಲದ ಎಳೆಮರಿಗಳ ಮೇಲೆ ಪ್ರಯೋಗ ನಡೆಸಿ ಬೇರೊಂದು ದಾರಿಯಲ್ಲಿ ಇದೇ ನಿಲುವಿನತ್ತ ಬಂದಿದ್ದರು.

ದೇ ಅವರ ವಿವರಣೆಯೆಲ್ಲವೂ ಮುಂದೆ ನಿಲ್ಲಲಿಲ್ಲ. ಕರುಳಿನ ಸೂಕ್ಷ್ಮ ರಕ್ತನಾಳಗಳು ಸಡಿಲಗೊಂಡು ದ್ರವ ಸೋರುತ್ತದೆಂದು ಅವರು ಆರಂಭದಲ್ಲಿ ಭಾವಿಸಿದ್ದರು. 1969ರಲ್ಲಿ ಅಮೆರಿಕದ ಫಿಂಕೆಲ್‌ಸ್ಟೀನ್ ಮತ್ತು ಲೊಸ್ಪಲ್ಲುಟೊ ವಿಷವನ್ನು ಶುದ್ಧೀಕರಿಸಿದ ತರುವಾಯ ಅದರ ಕಾರ್ಯವಿಧಾನ ಸ್ಪಷ್ಟವಾಯಿತು. ಈ ಪ್ರೋಟೀನ್ ಕರುಳಿನ ಒಳಪದರದ ಕೋಶಗಳಿಗೆ ಅಂಟಿಕೊಂಡು, ಅವುಗಳೊಳಗಿನ ಸಂಕೇತ ವ್ಯವಸ್ಥೆಯನ್ನು ನಿಲ್ಲದಂತೆ ಚಾಲೂ ಇಡುತ್ತದೆ. ಕೋಶಗಳು ಲವಣವನ್ನೂ ಅದರೊಡನೆ ನೀರನ್ನೂ ಹೊರಹಾಕುತ್ತಲೇ ಇರುತ್ತವೆ. ತೀವ್ರ ರೋಗದಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ನಷ್ಟವಾಗಬಹುದು. ಆದರೂ ಕೋಶಗಳು ನಾಶವಾಗುವುದಿಲ್ಲ. ಸಕ್ಕರೆಯೊಂದಿಗೆ ಉಪ್ಪನ್ನು ಹೀರಿಕೊಳ್ಳುವ ಶಕ್ತಿ ಉಳಿದಿರುತ್ತದೆ. ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಕುಡಿಸುವ ಚಿಕಿತ್ಸೆ ಫಲಿಸುವುದು ಇದರಿಂದಲೇ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬನ್‌ಗಾಂವ್ ನಿರಾಶ್ರಿತರ ನಡುವೆ ದಿಲೀಪ್ ಮಹಲನಬೀಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಸಾವಿನ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸಿದರು. ಈ ಚಿಕಿತ್ಸೆ ದೇ ಅವರ ಪ್ರಯೋಗದಿಂದ ನೇರವಾಗಿ ಹುಟ್ಟಿದ್ದೆಂದು ಹೇಳಲಾಗದು. ಅದು ಏಕೆ ಸಾಧ್ಯವೆಂಬುದರ ವಿವರಣೆಯಲ್ಲಿ ಅವರ ಕೆಲಸಕ್ಕೆ ಸ್ಥಾನವಿದೆ.

ಜನಪದದ ಹೆಸರಿನಲ್ಲಿಯೇ ವಿಜ್ಞಾನವೆಲ್ಲ ಅಡಗಿತ್ತೆಂಬ ವಾದಕ್ಕೆ ಈ ಪ್ರಸಂಗ ಆಧಾರವಾಗದು. ಭೇದಿಯಾದವರಿಗೆ ನೀರು ಕೊಡಬಾರದೆಂಬ ನಂಬಿಕೆಯೂ ಅದೇ ಜನಪದದಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ ವೈದ್ಯರೂ ಇದಕ್ಕಿಂತ ಉತ್ತಮರಾಗಿರಲಿಲ್ಲ. ನೀರು ಬತ್ತಿದ ರೋಗಿಯ ಮೈಯಿಂದ ರಕ್ತವನ್ನೂ ತೆಗೆಯುತ್ತಿದ್ದರು. ಹೆಸರು ರೋಗದ ನೆಲೆಯನ್ನು ಸರಿಯಾಗಿ ತೋರಿಸುತ್ತಿತ್ತು, ಅಷ್ಟೇ. ಆ ನೆಲೆಯಲ್ಲಿ ನಿಂತು ಪ್ರಶ್ನೆ ಕೇಳುವುದಕ್ಕೆ ದೇ ಅವರಂಥ ತರಬೇತಾದ ಕಣ್ಣು ಬೇಕಾಯಿತು.

1960ರ ದಶಕದಲ್ಲಿ ಕಾಲರಾ ಸಂಶೋಧನೆಯ ಕೇಂದ್ರವು ಢಾಕಾದ ಅಂತರರಾಷ್ಟ್ರೀಯ ನೆರವಿನ ಪ್ರಯೋಗಾಲಯಕ್ಕೂ ಅಮೆರಿಕದ ವಿಶ್ವವಿದ್ಯಾಲಯಗಳಿಗೂ ಸರಿಯಿತು. ವಿಷವನ್ನು ಶುದ್ಧೀಕರಿಸುವ ಸಲಕರಣೆಗಳು ದೇ ಅವರ ಬಳಿ ಇರಲಿಲ್ಲ. 1973ರಲ್ಲಿ ನಿವೃತ್ತರಾದಾಗ ಸ್ವದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಿರಲಿಲ್ಲ. ಮುಂದೆಯೂ ಆರಿಸಲಿಲ್ಲ. 1978ರಲ್ಲಿ ನೊಬೆಲ್ ಪ್ರತಿಷ್ಠಾನವು ಕಾಲರಾ ಕುರಿತು ಏರ್ಪಡಿಸಿದ ವಿಚಾರಸಂಕಿರಣಕ್ಕೆ ಅವರಿಗೆ ಆಹ್ವಾನ ಬಂದಿತು. ತಾವು 60ರ ದಶಕದ ಆರಂಭದಲ್ಲಿಯೇ ಸತ್ತುಹೋಗಿದ್ದಾಗಿಯೂ, ಈ ಸಭೆ ತಮ್ಮನ್ನು ಗೋರಿಯಿಂದ ಅಗೆದು ತೆಗೆದಿದೆಯೆಂದೂ ಅವರು ಅಲ್ಲಿ ನುಡಿದರು. ವಿನೋದದ ಧಾಟಿಯ ಮಾತಾದರೂ ಅದರ ಹಿಂದಿನ ನೋವು ಮರೆಯಾಗುವುದಿಲ್ಲ. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಒಂದಕ್ಕಿಂತ ಹೆಚ್ಚು ಬಾರಿ ಅವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಸೂಚಿಸಿದ್ದರು.

ಶಂಭುನಾಥ ದೇ 1985ರ ಏಪ್ರಿಲ್ 15ರಂದು ನಿಧನರಾದರು. ಮರುವರ್ಷ ಅಮೆರಿಕದ ಯೂಜೀನ್ ಗಾರ್ಫೀಲ್ಡ್, ಸಂಶೋಧನ ಲೇಖನಗಳ ಪರಸ್ಪರ ಉಲ್ಲೇಖಗಳನ್ನು ಪರಿಶೀಲಿಸಿ ಕಾಲರಾ ಅಧ್ಯಯನದಲ್ಲಿ ಅವರ ಪ್ರಭಾವವನ್ನು ಗುರುತಿಸುವ ಪ್ರಬಂಧ ಬರೆದನು. ಭಾರತದಲ್ಲಿ ಅವರ ಕೆಲಸವನ್ನು ಸಮಗ್ರವಾಗಿ ಸ್ಮರಿಸಿದ ಪ್ರಕಟಣೆ ಹೊರಬಂದದ್ದು ಬೆಂಗಳೂರಿನಿಂದ. ಇಲ್ಲಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯು 1990ರಲ್ಲಿ ತನ್ನ 59ನೆಯ ಸಂಪುಟದ ಒಂದು ವಿಶೇಷ ಸಂಚಿಕೆಯನ್ನು ಅವರಿಗೆ ಮೀಸಲಿಟ್ಟಿತು.